ಗುಲಾಮನಿಗೆ ಮೂರು

ನಮ್ಮ ಮನೆಯಲ್ಲಿ ಇಸ್ಪೀಟು ಎಂಬ ಶಬ್ದವನ್ನು ದೊಡ್ಡ ಸ್ವರದಲ್ಲಿ ಹೇಳುವ ಹಾಗಿರಲಿಲ್ಲ. ಅದಕ್ಕೆ ಕಾರಣ ನನ್ನ ದೊಡ್ಡಪ್ಪ. ಜಾತ್ರೆಯ ಗದ್ದೆಯ ಮೂಲೆಯಲ್ಲಿ ಗ್ಯಾಸ್‌ಲೈಟಿನ ಕೆಳಗೆ ಚಾಪೆ ಹಾಸಿ ನಡೆಯುತ್ತಿದ್ದ ಅಂದರ್ ಬಾಹರ್‌ನಲ್ಲಿ ಅವರು ಕೆಳಗಿನ ತೋಟವನ್ನು ಕಳೆದರು. ಒಂದೇ ರಾತ್ರಿಯಲ್ಲಿ ಕಳೆದದ್ದಲ್ಲ. ಮೊದಲು ಅಡಿಕೆ ಫಸಲಿನ ಮೇಲೆ ಸಾಲ, ಆಮೇಲೆ ತೋಟದ ಮೇಲೆ ಸಾಲ, ಕೊನೆಗೊಂದು ದಿನ ತೋಟವನ್ನು ಅಳೆಯಲು ಬಂದ ಜನ. ಅದುವರೆಗೆ ಮನೆಯಲ್ಲಿ ಯಾರಿಗೂ ಸುಳಿವಿರಲಿಲ್ಲ. ಅಂದಿನಿಂದ ನನ್ನ ಅಮ್ಮ ಮನೆಗೊಂದು ಕಾನೂನು ಮಾಡಿದರು: ಈ ಹೊಸ್ತಿಲ ಒಳಗೆ ಎಲೆ ಎಂದರೆ ಒಂದೋ ಬಾಳೆಲೆ, ಇಲ್ಲವೇ ವೀಳ್ಯದೆಲೆ, ಮೂರನೆಯ ಎಲೆ ಬರಕೂಡದು.

ಆ ಕಾನೂನನ್ನು ನಾನು ಹೊಸ್ತಿಲ ಒಳಗೆ ಪಾಲಿಸಿದೆ. ಹೊರಗಿನದು ಬೇರೆ ಕಥೆ. ನಾನು ಮಾಸ್ತರನಾಗಿ ಸೇರಿದ ಶಾಲೆಯಲ್ಲಿ, ನಮ್ಮ ಕಾಸರಗೋಡಿನ ಎಷ್ಟೋ ಶಾಲೆಗಳಲ್ಲಿ ಇರುವ ಹಾಗೆ, ಕನ್ನಡ ಮಲಯಾಳ ಎರಡೂ ವಿಭಾಗಗಳಿದ್ದವು. ನಾನು ಕನ್ನಡದ ಮಕ್ಕಳಿಗೆ ಗಣಿತ ಹೇಳುತ್ತಿದ್ದೆ. ಗೋಡೆಯ ಆಚೆ ಅದೇ ಲೆಕ್ಕವನ್ನು ಮಲಯಾಳದಲ್ಲಿ ಹೇಳುತ್ತಿದ್ದವರು ಪಯ್ಯನ್ನೂರಿನ ಕಡೆಯಿಂದ ಬಂದು ನಮ್ಮೂರಲ್ಲೇ ಬೇರೂರಿದ ಒಬ್ಬರು. ಊರಿಗೆಲ್ಲ ಅವರು ಮಾಷ್, ನನಗೂ ಮಾಷ್. ಅವರ ಮನೆಯ ಜಗಲಿಯಲ್ಲಿ ಶನಿವಾರ ಸಂಜೆ ನಾಲ್ಕು ಜನ ಕೂತು ಇಪ್ಪತ್ತೆಂಟು ಆಡುತ್ತಿದ್ದೆವು. ಹಣವಿಲ್ಲ. ಸೋತ ಜೊತೆ ಕಿವಿಗೆ ಹಲಸಿನೆಲೆಯ ಕುಣುಕ್ಕು ಸಿಕ್ಕಿಸಿಕೊಂಡು ಮುಂದಿನ ಆಟ ಆಡಬೇಕು, ಅಷ್ಟೆ. ಕುಣುಕ್ಕು ತೆಗೆಯಲು ಮರೆತು ದಾರಿಯುದ್ದಕ್ಕೂ ಅದನ್ನು ಮೆರೆಸಿಕೊಂಡು ಒಮ್ಮೆ ಮನೆಗೆ ಬಂದಾಗ ಅಮ್ಮನಿಗೆ ಸಂಗತಿ ತಿಳಿಯಿತು. ಅವರು ಕೇಳಿದ್ದು ಒಂದೇ ಪ್ರಶ್ನೆ: “ಹಣ ಇಟ್ಟು ಆಡ್ತೀಯೋ?” ಇಲ್ಲ ಎಂದೆ. ಮತ್ತೆ ಮಾತಾಡಲಿಲ್ಲ.

ಇಷ್ಟು ಹಳೆಯ ಪುರಾಣ ಬಿಚ್ಚಲು ಕಾರಣ ಕಳೆದ ವಿಷುವಿಗೆ ಬೆಂಗಳೂರಿನಿಂದ ಬಂದ ನನ್ನ ಮಗಳ ಮಗ. ಹದಿನೈದು ವರ್ಷದ ಹುಡುಗ. ಎರಡು ಚೀಲ ಬಟ್ಟೆಯ ಜೊತೆಗೆ ಒಂದು ತಗಡಿನ ಪೆಟ್ಟಿಗೆ ತಂದಿದ್ದ. ಅದರ ತುಂಬ ಎಲೆಗಳು. ಒಂದೊಂದಕ್ಕೂ ಪ್ಲಾಸ್ಟಿಕ್ಕಿನ ಅಂಗಿ. ನನ್ನ ಮುಖ ನೋಡಿಯೇ ಅವನು ಹೇಳಿದ: “ಅಜ್ಜ, ಇದು ಇಸ್ಪೀಟಲ್ಲ. ಮ್ಯಾಜಿಕ್ ಅಂತ. ಟ್ರೇಡಿಂಗ್ ಕಾರ್ಡ್ ಗೇಮ್.” ಎರಡು ದಿನ ಕಳೆದ ಮೇಲೆ, ನಾನು ಒಬ್ಬನೇ ಅಡಿಕೆ ಸುಲಿಯುತ್ತಿದ್ದಾಗ ಬಂದು ಪಕ್ಕದಲ್ಲಿ ಕೂತ. “ಅಜ್ಜ, ನಂಗೆ ಮೂರು ಸಾವಿರದ ಇನ್ನೂರು ರೂಪಾಯಿ ಕೊಡ್ತೀರಾ? ಅಮ್ಮನಿಗೆ ಹೇಳ್ಬೇಡಿ.”

ಯಾಕೆ ಎಂದರೆ ಒಂದು ಎಲೆಗೆ. ಒಂದಕ್ಕಲ್ಲ, ಒಂದೇ ಎಲೆಯ ನಾಲ್ಕು ಪ್ರತಿಗಳಿಗೆ, ಒಂದಕ್ಕೆ ಎಂಟುನೂರು. ಆಗಿನ ಧಾರಣೆಯಲ್ಲಿ ಏಳೆಂಟು ಕಿಲೋ ಅಡಿಕೆ! ಜೂನ್ ತಿಂಗಳಲ್ಲಿ ಬೆಂಗಳೂರಿನ ಒಂದು ಅಂಗಡಿಯಲ್ಲಿ ಸ್ಪರ್ಧೆ ಉಂಟಂತೆ. ಆ ನಾಲ್ಕು ಎಲೆಗಳಿಲ್ಲದೆ ಗೆಲ್ಲುವ ಹಾಗಿಲ್ಲವಂತೆ. ನನಗೆ ದೊಡ್ಡಪ್ಪನ ನೆನಪಾಯಿತು. “ಅಮ್ಮನಿಗೆ ಹೇಳ್ಬೇಡಿ” ಎಂಬ ಮಾತಿನಿಂದ ಇನ್ನಷ್ಟು ಆಯಿತು. ಆದರೆ ಬೈಯಲು ಬಾಯಿ ಬರಲಿಲ್ಲ. ಯಾಕೆಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. “ಮೊದಲು ನನಗೆ ಆಟ ಕಲಿಸು. ಆಮೇಲೆ ನೋಡುವ” ಎಂದೆ.

ಕಲಿತದ್ದನ್ನು ಓದುಗರಿಗೂ ಸ್ವಲ್ಪ ಹೇಳಬೇಕು.

ಈ ಆಟವನ್ನು ಮಾಡಿದವರು ರಿಚರ್ಡ್ ಗಾರ್ಫೀಲ್ಡ್ ಎಂಬ ಅಮೆರಿಕದ ಗಣಿತಜ್ಞ. 1993ರಲ್ಲಿ ವಿಝಾರ್ಡ್ಸ್ ಆಫ್ ದ ಕೋಸ್ಟ್ ಎಂಬ ಕಂಪೆನಿ ಇದನ್ನು ಮಾರಾಟಕ್ಕೆ ತಂದಿತು. ಗಣಿತದವರು ಎಂದು ಕೇಳಿದ್ದೇ ನನಗೆ ಅರ್ಧ ಗೌರವ ಬಂತು. ಇಬ್ಬರು ಆಡುವ ಆಟ. ನಮ್ಮ ಇಪ್ಪತ್ತೆಂಟರಲ್ಲಿ ನಾಲ್ವರಿಗೂ ಒಂದೇ ಕಟ್ಟಿನಿಂದ ಎಲೆ ಹಂಚುತ್ತೇವೆ. ಇಲ್ಲಿ ಹಾಗಲ್ಲ; ಒಬ್ಬೊಬ್ಬನೂ ತನ್ನ ಕಟ್ಟನ್ನು ಮನೆಯಿಂದಲೇ ಕಟ್ಟಿಕೊಂಡು ಬರಬೇಕು. ಕಟ್ಟಿನಲ್ಲಿ ಕಡಿಮೆಯೆಂದರೆ 60 ಎಲೆ. ಮೂಲ ಭೂಮಿಯ ಎಲೆಗಳನ್ನು ಬಿಟ್ಟರೆ ಒಂದೇ ಹೆಸರಿನ ಎಲೆ ನಾಲ್ಕಕ್ಕಿಂತ ಹೆಚ್ಚು ಇರಕೂಡದು. ಪಕ್ಕದಲ್ಲಿ 15 ಎಲೆಗಳ ಉಪಕಟ್ಟು. ಎದುರಾಳಿಯ ಆಟ ನೋಡಿಕೊಂಡು ಎರಡನೆಯ ಆಟಕ್ಕೆ ಅದರಿಂದ ಬದಲಿಸಿಕೊಳ್ಳಬಹುದು. ಪ್ರತಿಯೊಬ್ಬನಿಗೂ 20 ಜೀವ. ಮೊದಲು ಕೈಯಲ್ಲಿ ಏಳು ಎಲೆ. ಆಮೇಲೆ ಸರದಿಗೊಂದು ಎಲೆ. ಎದುರಾಳಿಯ ಜೀವವನ್ನು ಸೊನ್ನೆಗೆ ಇಳಿಸಿದವನು ಗೆದ್ದ.

ಇದರಲ್ಲಿ ನನಗೆ ಹಿಡಿಸಿದ್ದು ಭೂಮಿಯ ಲೆಕ್ಕ. ಕಟ್ಟಿನಲ್ಲಿ ಸುಮಾರು ಮೂರರಲ್ಲೊಂದು ಪಾಲಿನಿಂದ ಐದರಲ್ಲೆರಡು ಪಾಲಿನವರೆಗೆ ಭೂಮಿಯ ಎಲೆಗಳೇ ಇರುತ್ತವೆ: ಬಯಲು, ದ್ವೀಪ, ಜೌಗು, ಬೆಟ್ಟ, ಕಾಡು. ಇವುಗಳಿಂದ ಬಿಳಿ, ನೀಲಿ, ಕಪ್ಪು, ಕೆಂಪು, ಹಸುರು ಎಂಬ ಐದು ಬಣ್ಣದ ‘ಮಾನಾ’ ಹುಟ್ಟುತ್ತದೆ. ಮಾನಾ ಎಂದರೆ ಏನೆಂದು ಕೇಳಿದರೆ ಹುಡುಗನಿಗೆ ಕನ್ನಡದಲ್ಲಿ ಹೇಳಲು ಬರಲಿಲ್ಲ. ನಾನು ‘ಸತ್ವ’ ಎಂದೆ. ಒಂದು ಸರದಿಗೆ ಒಂದೇ ಭೂಮಿ ಹಾಕಬಹುದು. ಆದ್ದರಿಂದ ಮೊದಲ ಸರದಿಯಲ್ಲಿ ಒಂದು ಸತ್ವ, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ಮೂರು. ಮಿಕ್ಕ ಎಲೆಗಳ ಬಲಗಡೆಯ ಮೇಲಿನ ಮೂಲೆಯಲ್ಲಿ ಅದರ ಬೆಲೆ ಅಚ್ಚಾಗಿರುತ್ತದೆ: ಇಷ್ಟು ಸತ್ವ ಕೊಟ್ಟರೆ ಈ ಎಲೆ ಕೆಲಸ ಮಾಡುತ್ತದೆ ಎಂದು. ದುಬಾರಿ ಎಲೆಗಳನ್ನೇ ತುಂಬಿಕೊಂಡರೆ ಮೊದಲ ನಾಲ್ಕು ಸರದಿ ಕೈಕಟ್ಟಿ ಕೂರಬೇಕು. ಅಗ್ಗದ್ದನ್ನೇ ತುಂಬಿಕೊಂಡರೆ ಆರಂಭದ ಅಬ್ಬರ ಮುಗಿದ ಮೇಲೆ ಕೈ ಬರಿದು. ಒಂದರ ಬೆಲೆಯವು ಇಷ್ಟು, ಎರಡರವು ಇಷ್ಟು, ಮೂರರವು ಇಷ್ಟು ಎಂದು ಹೊಂದಿಸುವುದೇ ಕಟ್ಟು ಕಟ್ಟುವ ವಿದ್ಯೆ. 1996ರಲ್ಲಿ ಪಾಲ್ ಸ್ಲೈ ಎಂಬ ಆಟಗಾರ ಸಾಮಾನ್ಯವೆಂದು ಎಲ್ಲರೂ ಬದಿಗಿಟ್ಟಿದ್ದ ಕೆಂಪು ಎಲೆಗಳ ಒಂದು ಕಟ್ಟು ಹಿಡಿದು ಅಟ್ಲಾಂಟಾದ ಅರ್ಹತಾ ಸ್ಪರ್ಧೆಯಲ್ಲಿ ಮೇಲೆ ಬಂದನಂತೆ. ಕಟ್ಟನ್ನು ರೂಪಿಸಿದವನು ಜೇ ಶ್ನೈಡರ್. ಅದರ ಗುಟ್ಟು ಎಲೆಗಳ ಬಲದಲ್ಲಿರಲಿಲ್ಲ. ಪ್ರತಿ ಸರದಿಯಲ್ಲೂ ಇದ್ದ ಸತ್ವವೆಲ್ಲ ವ್ಯರ್ಥವಾಗದೆ ಖರ್ಚಾಗುವ ಹಾಗೆ ಹೊಂದಿಸಿದ್ದರಲ್ಲಿತ್ತು. ಇದನ್ನು ಕೇಳಿ ನನಗೆ ನಮ್ಮ ಅಮ್ಮ ತಿಂಗಳ ಕೊನೆಗೆ ಮನೆ ನಡೆಸುತ್ತಿದ್ದ ಚಂದ ಕಣ್ಣಿಗೆ ಕಟ್ಟಿತು.

ನಾಲ್ಕೇ ಪ್ರತಿ ಯಾಕೆ, ನಾಲ್ಕೂ ಯಾಕೆ ಬೇಕು ಎಂಬುದು ಶುದ್ಧ ಗಣಿತ. ಹುಡುಗನ ಹಳೆಯ ನೋಟುಪುಸ್ತಕದ ಹಿಂದಿನ ಹಾಳೆಯಲ್ಲಿ ಲೆಕ್ಕ ಹಾಕಿದೆವು. 60 ಎಲೆಯ ಕಟ್ಟಿನಲ್ಲಿ ಒಂದು ಎಲೆ ಒಂದೇ ಪ್ರತಿ ಇದ್ದರೆ ಮೊದಲ ಏಳರಲ್ಲಿ ಅದು ಬರುವ ಸಂಭವ ನೂರಕ್ಕೆ ಹನ್ನೆರಡರಷ್ಟೂ ಇಲ್ಲ. ನಾಲ್ಕು ಪ್ರತಿ ಇದ್ದರೆ ಒಂದಾದರೂ ಬರುವ ಸಂಭವ ನೂರಕ್ಕೆ ನಲ್ವತ್ತು. 24 ಭೂಮಿ ಇಟ್ಟರೆ ಮೊದಲ ಕೈಯಲ್ಲಿ ಸರಾಸರಿ 2.8 ಭೂಮಿ. 60ರ ಬದಲು 70 ಎಲೆಯ ಕಟ್ಟು ಮಾಡಿದರೆ ಒಳ್ಳೆಯ ಎಲೆ ಬರುವುದು ಅಷ್ಟಷ್ಟೇ ತಡ. ಅದಕ್ಕೇ ಬಲ್ಲವರು 60ಕ್ಕಿಂತ ಮೇಲೆ ಹೋಗುವುದಿಲ್ಲ. ಶಾಲೆಯಲ್ಲಿ ಸಂಭವನೀಯತೆಯ ಪಾಠ ಬೇಸರ ಎನ್ನುತ್ತಿದ್ದ ಹುಡುಗ ಅಂದು ಊಟಕ್ಕೆ ಕರೆದರೂ ಏಳಲಿಲ್ಲ.

ಸಂಜೆ ಮಾಷ್ ಬಂದರು. ಅವರಿಗೀಗ ಎಂಬತ್ತರ ಹತ್ತಿರ. ಕಿವಿ ಸ್ವಲ್ಪ ಮಂದ, ಎಲೆಯ ನೆನಪು ಮಾತ್ರ ಹರಿತ. ಹುಡುಗನಿಗೆ ವಿಷುವಿನ ಕೈನೀಟ ಕೊಟ್ಟು ಪೆಟ್ಟಿಗೆಯೊಳಗೆ ಇಣುಕಿದರು. ಒಂದು ಎಲೆ ಎತ್ತಿ ಹಿಡಿದು “ಇದೆಂತದ್ದು?” ಎಂದು ಕೇಳಿದರು.

“ಲೈಟ್ನಿಂಗ್ ಬೋಲ್ಟ್, ಅಜ್ಜ. ಒಂದು ಕೆಂಪು ಮಾನಾ ಕೊಟ್ಟರೆ ಮೂರು ಪೆಟ್ಟು.”

“ಮೂರು! ಹಾಗಾದರೆ ಇವನು ಗುಲಾನ್” ಎಂದರು ಮಾಷ್.

ಇಪ್ಪತ್ತೆಂಟು ಆಡದವರಿಗಾಗಿ ಹೇಳುತ್ತೇನೆ. ಅದರಲ್ಲಿ ರಾಜ ರಾಣಿಯರಿಗೆ ಅಂಕವೇ ಇಲ್ಲ. ಕನ್ನಡದ ಗುಲಾಮ, ಮಲಯಾಳದ ಗುಲಾನ್, ಅವನಿಗೇ ಮೂರು ಅಂಕ. ಒಂಬತ್ತಕ್ಕೆ ಎರಡು, ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ನಾಲ್ಕು ಜಾತಿ ಸೇರಿ ಇಪ್ಪತ್ತೆಂಟು. ನಾಲ್ಕೆಲೆ ಕೈಗೆ ಬಂದಾಗಲೇ ‘ಇಷ್ಟು ಅಂಕ ಮಾಡುತ್ತೇನೆ’ ಎಂದು ಕರೆಯಬೇಕು, ಕಡಿಮೆಯೆಂದರೆ ಹದಿನಾಲ್ಕು. ಹೆಚ್ಚು ಕರೆದವನು ತುರುಪಿನ ಎಲೆಯನ್ನು ಕವುಚಿ ಇಡುತ್ತಾನೆ. ಮತ್ತೆ ನಾಲ್ಕೆಲೆ ಹಂಚಿದ ಮೇಲೆ ಆಟ. ಇಪ್ಪತ್ತು ಕರೆದವನು ಇಪ್ಪತ್ತು ಮಾಡಲೇಬೇಕು. ಎದುರಿನವರಿಗೆ ಒಂಬತ್ತು ಸಿಕ್ಕಿದರೆ ಸಾಕು, ಅವನು ಬಿದ್ದ.

ಮಾಷ್ ಮತ್ತು ಹುಡುಗ ಪಕ್ಕ ಪಕ್ಕ ಕೂತು ನನ್ನನ್ನು ಸೋಲಿಸತೊಡಗಿದರು. ನನ್ನ ಕೈಯಲ್ಲೂ ಕೆಂಪು ಕಟ್ಟು, ಹುಡುಗನ ಕೈಯಲ್ಲೂ ಕೆಂಪು ಕಟ್ಟು. ನನ್ನದು ಕೊಂಚ ಚುರುಕು, ಅವನದು ಕೊಂಚ ಭಾರ. ನನ್ನ ಸ್ವಭಾವ ನಿಮಗೆ ಗೊತ್ತಲ್ಲ, ಓದುಗರೇ, ಮಾಸ್ತರ ಸ್ವಭಾವ: ಇರುವುದನ್ನು ಕಾಪಾಡಿಕೊಳ್ಳುವ ಎಂದು ನನ್ನ ಸೈನಿಕರನ್ನು ಹಿಂದೆ ನಿಲ್ಲಿಸಿ ತಡೆಯುತ್ತ ಕೂತೆ. ಐದಾರು ಸರದಿ ಕಳೆಯುವಷ್ಟರಲ್ಲಿ ಅವನ ದೊಡ್ಡ ಎಲೆಗಳು ಇಳಿದವು. ನನ್ನ ಚಿಕ್ಕವು ಚಿಂದಿಯಾದವು.

ಹುಡುಗ ಹೇಳಿದ, ಮೈಕ್ ಫ್ಲೋರ್ಸ್ ಎಂಬ ಅಮೆರಿಕದ ಆಟಗಾರ 1999ರಲ್ಲಿ ಇದರ ಮೇಲೆ ಒಂದು ಲೇಖನ ಬರೆದಿದ್ದಾನೆ, ಸ್ಪರ್ಧೆಗೆ ಹೋಗುವವರೆಲ್ಲ ಓದುತ್ತಾರೆ ಎಂದು. ಅದರ ಸಾರ ಇಷ್ಟೆ. ಎರಡು ಕಟ್ಟುಗಳು ಎಷ್ಟೇ ಒಂದೇ ತೆರನಾಗಿ ಕಂಡರೂ ಆ ಹೊತ್ತಿನ ಆಟದಲ್ಲಿ ಒಬ್ಬ ಹೊಡೆಯುವವನು, ಇನ್ನೊಬ್ಬ ತಡೆಯುವವನು. ಹೊತ್ತು ಹೋದಂತೆ ಯಾರ ಬಲ ಹೆಚ್ಚುತ್ತದೋ ಅವನು ತಡೆಯಬೇಕು. ಯಾರ ಬಲ ಇಳಿಯುತ್ತದೋ ಅವನು ಬೇಗನೆ ಹೊಡೆದು ಮುಗಿಸಬೇಕು. ತಾನು ಯಾರೆಂಬುದನ್ನು ತಪ್ಪಾಗಿ ತಿಳಿದುಕೊಂಡವನು ಒಳ್ಳೆಯ ಎಲೆಗಳಿದ್ದೂ ಸೋಲುತ್ತಾನೆ.

ಇದನ್ನು ನಾನು ಮಾಷ್ ಅವರ ಕಿವಿಯ ಹತ್ತಿರ ಬಾಗಿ ವಿವರಿಸಿ ಹೇಳಿದೆ. ಅವರು ನಕ್ಕರು. “ಇದಕ್ಕೆ ಅಮೆರಿಕಕ್ಕೆ ಯಾಕೆ ಹೋಗ್ಬೇಕು? ಆರಾ ವಿಳಿಚ್ಚದ್? ಅಷ್ಟೇ ಅಲ್ವೋ?” ಎಂದರು. ಕರೆದದ್ದು ಯಾರು? ಇಪ್ಪತ್ತೆಂಟರಲ್ಲಿ ಕೈಗೆ ಎಲೆ ಬಂದಾಗಲೆಲ್ಲ ಅವರು ತಮ್ಮೊಳಗೆ ಗೊಣಗುತ್ತಿದ್ದ ಮಾತು ಇದು. ಕರೆದವನು ಓಡಬೇಕು, ಕರೆಯದವನು ಕಾದು ಕೂತರಾಯಿತು. ನಲ್ವತ್ತು ವರ್ಷ ಅವರ ಎದುರು ಕೂತು ಆಡಿದ ನನಗೆ ಅದು ಗೊತ್ತಿದ್ದರೂ ಹೊಸ ಎಲೆಗಳ ಚಿತ್ರ ನೋಡುವಾಗ ಮರೆತುಹೋಗಿತ್ತು. ಹುಡುಗ ಆ ವಾಕ್ಯವನ್ನು ಮೂರು ಸಲ ಹೇಳಿಸಿಕೊಂಡು ಬಾಯಿಪಾಠ ಮಾಡಿದ.

ಆಟ ಕಲಿತಾಯಿತು, ಇನ್ನು ಹಣದ ಮಾತು. ಎಲೆಗೆ ಎರಡು ಬೆಲೆ ಎಂದು ನನಗೆ ಆಗ ಅರ್ಥವಾಯಿತು. ಮೂಲೆಯಲ್ಲಿ ಅಚ್ಚಾದ ಬೆಲೆ ಒಂದು. ಅದು ಬಡವನಿಗೂ ಸಿರಿವಂತನಿಗೂ ಒಂದೇ. ಅಂಗಡಿಯವನು ಹೇಳುವ ಬೆಲೆ ಇನ್ನೊಂದು. ಬಲವಿದ್ದ ಎಲೆಗೆ ಹೆಚ್ಚು ಬೆಲೆ ಎಂದು ನಾನು ತಿಳಿದಿದ್ದೆ. ಹಾಗಲ್ಲ. ಆ ಸಿಡಿಲಿನ ಎಲೆ 1993ರ ಮೊದಲ ಸಂಪುಟದಿಂದಲೂ ಇದೆ. ಒಂದು ಸತ್ವಕ್ಕೆ ಅಂತಹ ಪೆಟ್ಟು ಕೊಡುವ ಎಲೆಗಳು ಕಡಿಮೆ. ಆದರೂ ಅದು ಅಗ್ಗ. ಯಾಕೆಂದರೆ ಸಾಮಾನ್ಯ ಎಲೆಯಾಗಿ ಅದನ್ನು ಮತ್ತೆ ಮತ್ತೆ ಅಚ್ಚು ಹಾಕಿದ್ದಾರೆ. ಅದೇ ಮೊದಲ ಸಂಪುಟದಲ್ಲಿ ಬ್ಲ್ಯಾಕ್ ಲೋಟಸ್ ಎಂಬ ಕಪ್ಪು ತಾವರೆಯ ಎಲೆ ಒಂದಿದೆ. ಮೂಲೆಯ ಬೆಲೆ ಸೊನ್ನೆ. ಬಲಿಕೊಟ್ಟರೆ ಒಮ್ಮೆಗೆ ಮೂರು ಸತ್ವ ಕೊಡುತ್ತದೆ. ಇಲ್ಲೂ ಮೂರೇ! ಆ ಮೊದಲ ಅಚ್ಚಿನಲ್ಲಿ ಅದರ ಪ್ರತಿಗಳು ಸುಮಾರು 1,100 ಮಾತ್ರ. 2021ರ ಜನವರಿಯಲ್ಲಿ, ಅಂಥದೊಂದು ಪ್ರತಿ, ಚೂರೂ ಮಾಸದ್ದು, ಹರಾಜಿನಲ್ಲಿ 5,11,100 ಡಾಲರಿಗೆ ಹೋಯಿತು. ಸ್ಪರ್ಧೆಗಳಲ್ಲಿ ಅದನ್ನು ಬಹುತೇಕ ನಿಷೇಧಿಸಿದ್ದಾರೆ. ವಿಂಟೇಜ್ ಎಂಬ ಒಂದು ಬಗೆಯಲ್ಲಿ ಮಾತ್ರ ಕಟ್ಟಿಗೊಂದು ಪ್ರತಿ ಇಡಬಹುದು. ಗುಲಾಮನಿಗೆ ಮೂರು, ಸಿಡಿಲಿಗೆ ಮೂರು, ತಾವರೆಗೆ ಮೂರು. ಮೊದಲನೆಯದನ್ನು ಯಾರೂ ಕೊಳ್ಳಲಾರರು, ಎರಡನೆಯದನ್ನು ಶಾಲೆಯ ಹುಡುಗ ಕೊಳ್ಳಬಹುದು, ಮೂರನೆಯದಕ್ಕೆ ಊರನ್ನೇ ಮಾರಬೇಕು. ಬೆಲೆ ಬರುವುದು ಬಲದಿಂದಲ್ಲ, ಬರದಿಂದ.

ಈ ಬರವೂ ಒಂದು ಭಾಗ ಮನುಷ್ಯರೇ ಮಾಡಿದ್ದು. 1995ರಲ್ಲಿ ಕಂಪೆನಿ ಹಳೆಯ ಎಲೆಗಳನ್ನು ಮರುಮುದ್ರಿಸಿ ಕ್ರಾನಿಕಲ್ಸ್ ಎಂಬ ಸಂಪುಟ ತಂದಿತು. ಹಳೆಯದನ್ನು ಕೂಡಿಟ್ಟವರ ಎಲೆಗಳ ಬೆಲೆ ಇಳಿಯಿತು. ಅವರು ಗಲಾಟೆ ಮಾಡಿದರು. 1996ರಲ್ಲಿ ಕಂಪೆನಿ ಒಂದು ಪಟ್ಟಿ ಮಾಡಿ, ಇದರಲ್ಲಿರುವ ಎಲೆಗಳನ್ನು ಮತ್ತೆ ಅಚ್ಚು ಹಾಕುವುದಿಲ್ಲ ಎಂದು ಮಾತು ಕೊಟ್ಟಿತು. ಕಪ್ಪು ತಾವರೆ ಆ ಪಟ್ಟಿಯಲ್ಲಿದೆ. ಇನ್ನೊಂದು ಉಪಾಯ, ಮುಖ್ಯ ಬಗೆಯ ಸ್ಪರ್ಧೆಯಲ್ಲಿ ಹೊಸ ಸಂಪುಟಗಳ ಎಲೆಗಳಿಗೆ ಮಾತ್ರ ಪ್ರವೇಶ. ಮೊದಲು ಸುಮಾರು ಎರಡು ವರ್ಷಕ್ಕೆ ಎಲೆಗಳು ಹಳತಾಗಿ ಹೊರಬೀಳುತ್ತಿದ್ದವು. 2023ರಲ್ಲಿ ಅದನ್ನು ಮೂರು ವರ್ಷಕ್ಕೆ ಏರಿಸಿದರು. ನನ್ನ ಮೊಮ್ಮಗ ಕೇಳಿದ ಎಂಟುನೂರರ ಎಲೆ ಇಂಥದ್ದು.

“ಇದು ಜುಗಾರಿಯೇ ಅಲ್ವೋ?” ಎಂದೆ.

ಹುಡುಗ ಪ್ರಾಮಾಣಿಕ. ಮೊದಲ ವರ್ಷಗಳಲ್ಲಿ ಒಂದು ನಿಯಮವೇ ಇತ್ತು ಎಂದು ಹೇಳಿದ: ಆಟಕ್ಕೆ ಮುಂಚೆ ಇಬ್ಬರೂ ತಮ್ಮ ಕಟ್ಟಿನಿಂದ ಒಂದೊಂದು ಎಲೆ ಪಣ ಇಡಬೇಕು, ಗೆದ್ದವನಿಗೆ ಎರಡೂ. ಆಮೇಲೆ ಅದನ್ನು ಬಿಟ್ಟರು. ಆದರೆ ಮುಚ್ಚಿದ ಪೊಟ್ಟಣ ಕೊಳ್ಳುವುದರಲ್ಲಿ ಜುಗಾರಿಯ ವಾಸನೆ ಉಂಟು ಎಂದು ಅವನೇ ಒಪ್ಪಿದ. ಆರಂಭದ ಪೊಟ್ಟಣದಲ್ಲಿ 15 ಎಲೆ ಇರುತ್ತಿದ್ದವು: 11 ಸಾಮಾನ್ಯ, 3 ಅಷ್ಟಾಗಿ ಸಿಗದವು, 1 ಅಪರೂಪದ್ದು. ಆ ಒಂದು ಯಾವುದೆಂದು ಒಡೆದ ಮೇಲೆಯೇ ಗೊತ್ತು. “ಅದಕ್ಕೇ ಅಜ್ಜ, ಬುದ್ಧಿ ಇರೋರು ಪೊಟ್ಟಣ ಒಡೆಯೋದಿಲ್ಲ. ಬೇಕಾದ ಎಲೆಯನ್ನೇ ಬಿಡಿಯಾಗಿ ತಗೋತಾರೆ. ನಾನೂ ಅದನ್ನೇ ಕೇಳಿದ್ದು.” ಆಮೇಲೆ ಮೆಲ್ಲಗೆ ಸೇರಿಸಿದ: “ಮಾಷ್ ಅಜ್ಜ ಲಾಟರಿ ತೆಗೆಯೋದಿಲ್ವಾ?”

ಮಾಷ್ ಅವರ ಅಂಗಿಯ ಜೇಬಿನಲ್ಲಿ ಆಗಲೂ ಒಂದು ಟಿಕೇಟು ಇಣುಕುತ್ತಿತ್ತು. ನಮ್ಮ ರಾಜ್ಯದ ಲಾಟರಿ ಶುರುವಾದದ್ದು 1967ರಲ್ಲಿ. ಟಿಕೇಟಿಗೆ ಒಂದು ರೂಪಾಯಿ, ಮೊದಲ ಬಹುಮಾನ 50,000. ಅಂದಿನಿಂದಲೂ ಮಾಷ್ ಅದರ ನಿಷ್ಠಾವಂತ ಗಿರಾಕಿ. ಅವರು ಜೇಬನ್ನು ಕೈಯಿಂದ ಮುಚ್ಚಿಕೊಂಡು ತೋಟದ ಕಡೆ ನೋಡಿದರು.

ನಾನು ಒಂದು ದಾರಿ ಹೇಳಿದೆ. ಕೊಳ್ಳುವ ಮೊದಲು ಆ ಎಲೆ ನಿಜವಾಗಿ ಬೇಕೋ ಎಂದು ಪರೀಕ್ಷೆ ಮಾಡುವ. ಸ್ಪರ್ಧೆಯಲ್ಲಿ ಕೈಬರಹದ ಎಲೆ ನಡೆಯುವುದಿಲ್ಲ. ಮನೆಯ ಜಗಲಿಯಲ್ಲಿ ಕೇಳುವವರಾರು? ನೋಟುಪುಸ್ತಕದ ಹಾಳೆ ಕತ್ತರಿಸಿ ನಾಲ್ಕು ಪ್ರತಿ ಬರೆದೆವು. ಬರೆಯುವಾಗ ಹುಡುಗ ಇಂಗ್ಲಿಷಿನಲ್ಲಿ ಶುರು ಮಾಡಿದ. ಕನ್ನಡದಲ್ಲಿ ಬರೆ ಎಂದೆ. ಅವನಿಗೆ ಕನ್ನಡ ಓದಲು ಬರುತ್ತದೆ, ಬರೆಯುವುದೆಂದರೆ ಒತ್ತಕ್ಷರದ ಮುಂದೆ ನಿಂತುಬಿಡುತ್ತಾನೆ.

“ಈ ಕಾರ್ಡು ಕನ್ನಡದಲ್ಲಿ ಬರೋದಿಲ್ಲ ಅಜ್ಜ.”

ಬರುವುದಿಲ್ಲ ನಿಜ. ಜಪಾನಿ, ಜರ್ಮನ್, ಫ್ರೆಂಚ್, ಇಟಾಲಿಯನ್ ಎಂದು ಹಲವು ಭಾಷೆಗಳಲ್ಲಿ ಅಚ್ಚಾಗಿದ್ದರೂ ಕನ್ನಡದಲ್ಲಾಗಲಿ ಮಲಯಾಳದಲ್ಲಾಗಲಿ ಇಲ್ಲ. 2001ರಲ್ಲಿ ಒಂದು ಸಂಪುಟದ ಬಿಡುಗಡೆಯ ಹೊತ್ತಿಗೆ ಕಾಣಿಕೆಯಾಗಿ ಕೊಟ್ಟ ಫಂಗಲ್ ಶಾಂಬ್ಲರ್ ಎಂಬ ಒಂದೇ ಒಂದು ಎಲೆ ಸಂಸ್ಕೃತದಲ್ಲಿದೆ. ನಮ್ಮ ದೇಶದ ಭಾಷೆಯ ಪಾಲು ಅಷ್ಟೆ. ಸ್ಪರ್ಧೆಯ ನಿಯಮ ಮಾತ್ರ ಉದಾರ. ಯಾವ ಭಾಷೆಯ ಎಲೆಯನ್ನೂ ಆಡಬಹುದು. ತಕರಾರು ಬಂದರೆ ಕಂಪೆನಿ ಇಟ್ಟಿರುವ ಇಂಗ್ಲಿಷ್ ಪಾಠವೇ ಕೊನೆಯ ಮಾತು. ಇದನ್ನು ಕೇಳಿ ನಾನು ನಕ್ಕೆ. 1956ರ ನವೆಂಬರ್ ಒಂದರಂದು ಕೇರಳಕ್ಕೆ ಸೇರಿದ ನಮಗೆ ಈ ನಿಯಮವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಮನೆಯೊಳಗಿನ ಎಲೆ ಕನ್ನಡದ್ದು. ಕಚೇರಿಯ ಮೇಜಿನ ಮೇಲೆ ತಕರಾರು ಬಂದಾಗ ತೆಗೆದು ನೋಡುವ ಪಾಠ ಬೇರೆಯದು. ಹಾಗೆಂದು ಮನೆಯ ಎಲೆಯನ್ನು ಬಿಡಲಾಗುತ್ತದೆಯೇ?

ಹುಡುಗ ಬರೆದ. ಸುಮ್ಮನೆ ಆ ನಾಲ್ಕನ್ನು ಮಾತ್ರವಲ್ಲ, ತನ್ನ ಕಟ್ಟಿನ ಒಂದೊಂದು ಬಗೆಯ ಎಲೆಗೂ ಒಂದೊಂದು ಚೀಟಿ ಬರೆದು ಪ್ಲಾಸ್ಟಿಕ್ ಅಂಗಿಯೊಳಗೆ ತೂರಿಸಿದ. ‘ಸಿಡಿಲು. ಕೆಂಪು ಒಂದು. ಮೂರು ಪೆಟ್ಟು.’ ಅದರ ಬೆನ್ನಿಗೆ ಮಾಷ್ ತಮ್ಮ ದುಂಡು ಅಕ್ಷರದಲ್ಲಿ ಮಲಯಾಳದಲ್ಲಿ ‘ಇಡಿಮಿನ್ನಲ್’ ಎಂದು ಬರೆದರು.

ಒಂದು ವಾರ ಜಗಲಿ ಪ್ರಯೋಗಶಾಲೆಯಾಯಿತು. ಹಾಳೆಯ ಎಲೆ ಸೇರಿಸಿ ಇಪ್ಪತ್ತು ಆಟ, ಸೇರಿಸದೆ ಇಪ್ಪತ್ತು ಆಟ. ಎದುರಿಗೆ ಸರದಿಯಂತೆ ನಾನು, ಮಾಷ್. ಸೇರಿಸಿ ಆಡಿದಾಗ ಹನ್ನೆರಡು ಗೆದ್ದ, ಸೇರಿಸದೆ ಹತ್ತು. ಹುಡುಗ ಕುಣಿದ. ನಾನು ಮಾಸ್ತರ ಬುದ್ಧಿ ತೋರಿಸಿದೆ: ಇಪ್ಪತ್ತರಲ್ಲಿ ಎರಡರ ವ್ಯತ್ಯಾಸ ಬರೀ ಅದೃಷ್ಟದಿಂದಲೂ ಬರುತ್ತದೆ, ಇದರಿಂದ ಏನೂ ಸಿದ್ಧವಾಗುವುದಿಲ್ಲ. ಆದರೆ ಸೋತ ಹದಿನೆಂಟು ಆಟಗಳ ಕಾರಣವನ್ನೂ ನಾವು ಬರೆದಿಟ್ಟಿದ್ದೆವು. ನಾಲ್ಕರಲ್ಲಿ ಭೂಮಿ ಬರಲಿಲ್ಲ ಅಥವಾ ಭೂಮಿಯೇ ಬಂತು, ಅದಕ್ಕೆ ಮದ್ದಿಲ್ಲ. ಐದರಲ್ಲಿ ಎದುರಾಳಿಯ ಕೈ ಚೆನ್ನಾಗಿತ್ತು. ಎರಡು ಆಟವನ್ನು ಆ ಎಲೆ ಉಳಿಸಬಹುದಿತ್ತು. ಮಿಕ್ಕ ಏಳರ ಎದುರು ಹುಡುಗ ತನ್ನ ಕೈಯಾರೆ ಬರೆದದ್ದು ಒಂದೇ ಮಾತು: ‘ಹೊಡೆಯಬೇಕಾದಾಗ ತಡೆದೆ’ ಅಥವಾ ‘ತಡೆಯಬೇಕಾದಾಗ ಹೊಡೆದೆ’.

ಪಟ್ಟಿಯನ್ನು ಅವನು ತುಂಬ ಹೊತ್ತು ನೋಡಿದ. “ಆದ್ರೂ ಎರಡು ಎರಡೇ ಅಲ್ವಾ ಅಜ್ಜ?” ಎಂದ. ಅದೂ ಸರಿಯೇ. ಹಣವಿದ್ದವನಿಗೆ ಆ ಎರಡು ಆಟ ಮೊದಲೇ ಜಮೆ. ಇದು ಈ ಆಟದ ದೋಷ. ಇಲ್ಲ ಎಂದು ನಾನು ಸುಳ್ಳು ಹೇಳಲಾರೆ. ಈ ದೋಷ ಬಲ್ಲವರೇ ಕಂಡುಕೊಂಡ ಒಂದು ಬಗೆಯುಂಟಂತೆ, ಪಾಪರ್ ಎಂದು ಹೆಸರು. ಸಾಮಾನ್ಯ ದರ್ಜೆಯಲ್ಲಿ ಅಚ್ಚಾದ ಎಲೆಗಳು ಮಾತ್ರ, ಅಪರೂಪದವಕ್ಕೆ ಪ್ರವೇಶವಿಲ್ಲ. 2019ರಲ್ಲಿ ಕಂಪೆನಿ ಅದಕ್ಕೂ ಅಧಿಕೃತ ಸ್ಪರ್ಧೆಯ ಮನ್ನಣೆ ಕೊಟ್ಟಿತು. ಅದರಲ್ಲಿ ಸಿಡಿಲಿಗೆ ಒಳ್ಳೆಯ ಮರ್ಯಾದೆ.

ಕೊನೆಗೆ ನಾನು ಹೇಳಿದೆ: “ಹಣ ಕೊಡ್ತೇನೆ. ಆದರೆ ನಿನ್ನ ಅಮ್ಮನಿಗೆ ನೀನೇ ಹೇಳ್ಬೇಕು. ದೊಡ್ಡಪ್ಪ ತೋಟ ಕಳೆದದ್ದು ಎಲೆಯಿಂದ ಮಾತ್ರ ಅಲ್ಲ, ಯಾರಿಗೂ ಹೇಳದೆ ಇದ್ದದ್ದರಿಂದ.”

ಅವನು ಫೋನು ಮಾಡಿದ. ಸ್ವಲ್ಪ ಹೊತ್ತಿನ ಮೇಲೆ ಫೋನನ್ನು ನನ್ನ ಕೈಗೆ ಕೊಟ್ಟು ಅಂಗಳಕ್ಕೆ ಇಳಿದ. ಮಗಳು ಹೇಳಿದ್ದು ಇಷ್ಟು: “ಅಪ್ಪ, ಇವನಿಗೆ ಕಾರ್ಡಿಗೆ ಹಣ ಕೊಡ್ತೀರಾ ನೀವು? ಅಣ್ಣನ ಕಾರ್ಡುಗಳನ್ನು ಬಚ್ಚಲೊಲೆಗೆ ಹಾಕಿದ್ದು ನೆನಪುಂಟಾ?”

ನೆನಪುಂಟು. ಬೈಯಲು ಬಾಯಿ ಬರಲಿಲ್ಲ ಎಂದೆನಲ್ಲ, ಕಾರಣ ಇದೇ. 1990ರ ದಶಕದಲ್ಲಿ ಕುಸ್ತಿಪಟುಗಳ ಚಿತ್ರವಿದ್ದ ಟ್ರಂಪ್ ಕಾರ್ಡುಗಳು ಊರೂರಿನ ಮಕ್ಕಳ ಕೈಯಲ್ಲಿದ್ದವು. ನನ್ನ ಮಗನಿಗಾಗ ಹತ್ತು ವರ್ಷ. ಮಿಠಾಯಿಯ ಪುಡಿಗಾಸು ಉಳಿಸಿ ಕೂಡಿಹಾಕಿದ್ದ. ಎತ್ತರ, ತೂಕ, ಎದೆಯ ಅಳತೆ ಹೇಳಿ ಗೆದ್ದವನು ಸೋತವನ ಕಾರ್ಡು ಎತ್ತಿಕೊಳ್ಳುವ ಆಟ. ಒಂದು ಶನಿವಾರ ಸಂಜೆ ಅವನ ಚೀಲದಲ್ಲಿ ಅದನ್ನು ಕಂಡೆ. ಅಮ್ಮನ ಕಾನೂನು ನೆನಪಾಯಿತು, ದೊಡ್ಡಪ್ಪ ನೆನಪಾದರು. ಒಂದು ಮಾತೂ ಕೇಳದೆ ಬಚ್ಚಲೊಲೆಗೆ ಹಾಕಿದೆ. ಅವನು ಬಾಗಿಲ ಹತ್ತಿರ ನಿಂತು ನೋಡಿದ, ಅಳಲಿಲ್ಲ. ಆಮೇಲೆ ನಾನು ಕೈತೊಳೆದು ಮಾಷ್ ಅವರ ಜಗಲಿಗೆ ಇಪ್ಪತ್ತೆಂಟು ಆಡಲು ಹೋದೆ.

ಹಣವಿಟ್ಟು ಆಡುತ್ತೀಯೋ ಎಂದು ನನ್ನ ಅಮ್ಮ ನನಗೆ ಕೇಳಿದ ಒಂದು ಪ್ರಶ್ನೆಯನ್ನಾದರೂ ನಾನು ಅವನಿಗೆ ಕೇಳಬಹುದಿತ್ತು.

ಮಗಳು ಮತ್ತು ಮೊಮ್ಮಗ ಮಾತಾಡಿ ಒಂದು ತೀರ್ಮಾನಕ್ಕೆ ಬಂದರು: ನಾಲ್ಕರ ಬದಲು ಎರಡು ಪ್ರತಿ, ಒಂದಕ್ಕೆ ಅವನ ಕೈನೀಟದ ಹಣ, ಒಂದಕ್ಕೆ ನನ್ನದು. ಅವನು ಹೊರಟ ರಾತ್ರಿ ನಾನು ಮಸ್ಕತ್ತಿನಲ್ಲಿರುವ ಮಗನಿಗೆ ಫೋನು ಮಾಡಿದೆ. ಹಬ್ಬಕ್ಕಲ್ಲದೆ, ಕಾಯಿಲೆಗಲ್ಲದೆ ನಾನು ಅವನಿಗೆ ಫೋನು ಮಾಡಿದ್ದು ಕಡಿಮೆ. ಅವನು ಗಾಬರಿಯಿಂದ “ಎಂತಾಯ್ತು ಅಪ್ಪ?” ಎಂದ. ಏನೂ ಆಗಲಿಲ್ಲ ಎಂದು ಹೇಳಿ ಸಂಗತಿಯನ್ನೆಲ್ಲ ತಿಳಿಸಿದೆ. ಬಚ್ಚಲೊಲೆಯ ಮಾತಿಗೆ ಬಂದಾಗ ಸ್ವರ ಸ್ವಲ್ಪ ಕೈಕೊಟ್ಟಿತು. ಆ ಕಡೆ ತುಂಬ ಹೊತ್ತು ಸದ್ದಿಲ್ಲ.

“ನಲ್ವತ್ತೆರಡು ಇತ್ತು ಅಪ್ಪ” ಎಂದ ಅವನು. “ಹದಿನಾರು ನಾನು ಗೆದ್ದದ್ದು.”

ಮತ್ತೆ ಆ ಹದಿನಾರನ್ನು ಯಾರ್ಯಾರಿಂದ ಹೇಗೆ ಗೆದ್ದೆ ಎಂದು ಹೇಳತೊಡಗಿದ. ಅರ್ಧ ಗಂಟೆ ಹೇಳಿದ. ನಾನು ಕೇಳಿದೆ.

ಜೂನ್‌ನಲ್ಲಿ ಮೊಮ್ಮಗನ ಸ್ಪರ್ಧೆ ನಡೆಯಿತು. ನಾಲ್ಕು ಸುತ್ತಿನಲ್ಲಿ ಎರಡು ಗೆದ್ದ, ಎರಡು ಸೋತ. ಹೊರಗೆ ಮಳೆ ಹೊಯ್ಯುತ್ತಿತ್ತು, ಅವನ ಮಾತು ಅರ್ಧಂಬರ್ಧ ಕೇಳಿಸುತ್ತಿತ್ತು. ಮೂರನೆಯ ಸುತ್ತಿನಲ್ಲಿ ಇನ್ನೇನು ಹಿಂದೆ ಸರಿಯಬೇಕು ಅನ್ನುವಾಗ ತಾನು ಬಾಯಿಬಿಟ್ಟೇ ಹೇಳಿಕೊಂಡನಂತೆ: “ಆರಾ ವಿಳಿಚ್ಚದ್?” ಎದುರಿನ ಹುಡುಗ ಇದು ಯಾವ ಎಲೆಯ ಹೆಸರು ಎಂದು ಕೇಳಿದನಂತೆ.

ಪಕ್ಕದಲ್ಲಿ ಕೂತಿದ್ದ ಮಾಷ್ ಅವರಿಗೆ ಇದನ್ನು ಎರಡು ಸಲ ಗಟ್ಟಿಯಾಗಿ ಹೇಳಬೇಕಾ‌ಯಿತು. ಎರಡನೆಯ ಸಲ ಕೇಳಿಸಿತು. ಅವರು ಎಲೆ ಕಲಸಲು ಶುರು ಮಾಡಿದರು.